ದೊಡ್ಡ ಗಾಡಿಯ ಮಾರಾಟ

ನನ್ನ ಹೆಂಡತಿ ಗುಲ್ಷನಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಸಂಸಾರಸ್ಥನಿಗೆ ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ. ಆದ್ದರಿಂದ ನಮ್ಮ ಗಾಡಿ ನೋಡಲು ನರಗುಂದದಿಂದ ಗಿರಾಕಿ ಬರುವ ದಿನ ಬೆಳಿಗ್ಗೆಯೇ ರಾಜಾಜ್ಞೆ ಹೊರಡಿಸಿದೆ.

"ಚಹಾ ತರೂದು, ಒಳಗ ಹೋಗೂದು. ಬಾಯಿ ಬಿಡಬ್ಯಾಡ."

"ಅವ್ರ ಏನರ ಕೇಳಿದ್ರ?"

"ಕೆಮ್ಮು."

ಗಜೇಂದ್ರಗಡದಲ್ಲಿ ಪಾತ್ರೆ-ಭಾಂಡೆ ಅಂಗಡಿ ಇಟ್ಟುಕೊಂಡಿರುವ ಈ ಲಾಡಸಾಬ, ಅಂದರೆ ನಾನು, ಎರಡು ಸಾವಿರದ ಮೂರರಲ್ಲಿ ಪರದೇಶದ ಕಂಪನಿಯ ಎಸ್‌ಯುವಿ ತಂದಾಗ ಓಣಿಯೆಲ್ಲ ಹೊರಗೆ ಬಂದು ನಿಂತಿತ್ತು. (ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ಓಡಿಸಿ ಓಡಿಸಿ ದಣಿದು ಬಿಟ್ಟಿದ್ದು ಎಂದು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.) ಚರ್ಮದ ಸೀಟು, ತಣ್ಣನೆಯ ಗಾಳಿ, ನೆತ್ತಿಯ ಮೇಲೊಂದು ಬೆಳಕಿಂಡಿ. ಊರವರು ಅದನ್ನು 'ದೊಡ್ಡ ಗಾಡಿ' ಎಂದು ಕರೆದರು. ಆರು ವರ್ಷ ನಾನು ಆ ಹೆಸರಿನ ಮೇಲೆಯೇ ಬದುಕಿದೆ.

ಈಗ ಅದರ ಎಂಜಿನ್ ಪೂರ್ತಿ ಬಿಚ್ಚಬೇಕಾಗಿತ್ತು. "ಆ ಖರ್ಚಿನ್ಯಾಗ ಇನ್ನೊಂದ ಗಾಡಿ ಬರ್ತೈತ್ರಿ ಸಾವ್ಕಾರ" ಎಂದು ಮಿಸ್ತ್ರಿ ಕೈತೊಳೆದುಕೊಂಡಿದ್ದ. ಸಾಲದ್ದಕ್ಕೆ, ಗಾಡಿ ನಿಂತ ಅಂಗಳದಲ್ಲೇ ಮಗಳು ಇಷ್ರತಳ ನಿಕಾಹದ ಶಾಮಿಯಾನ ಏಳಬೇಕು. ಶಾಮಿಯಾನದವರು ಮರುದಿನವೇ ಬರುವವರಿದ್ದರು.

ಬೆಳಗಿನ ಜಾವ ನೂಕಿಸಿ ಚಾಲೂ ಮಾಡಿ, ಬಿಸಿ ಮಾಡಿ ಇಟ್ಟಿದ್ದೆ. ಬಿಸಿ ಇದ್ದರೆ ಅದು ಸಾಧುಪ್ರಾಣಿ. ಗಿರಾಕಿ ಮಲ್ಲೇಶಪ್ಪ ಬಂದು ಕೀಲಿ ತಿರುವಿದ್ದೇ ತಡ, ಗುರ್ ಎಂದಿತು. ಅವರ ಮುಖ ಅರಳಿತು. ಗಾಡಿಯನ್ನು ಹಾಗೆಯೇ ಚಾಲೂ ಬಿಟ್ಟು ಕಟ್ಟೆಯ ಮೇಲೆ ಕೂತರು. ಗುಲ್ಷನ ಚಹಾ ತಂದಳು, ತುಟಿ ಪಿಟ್ಟೆನ್ನದೆ ಒಳಗೆ ಹೋದಳು. ಮಲ್ಲೇಶಪ್ಪ ಮುಂಗಡ ಕೊಡಲು ಜೇಬಿಗೆ ಕೈ ಹಾಕುತ್ತ, ಸುಮ್ಮನೆ ಮಾತಿಗೆಂದು ಕೇಳಿದರು:

"ಇಂಥಾ ಚಲೋ ಗಾಡಿ ಮಾರಾಕ ಮನಸ ಹ್ಯಾಂಗ ಬಂತ್ರಿ ನಿಮಗ?"

ಆ ಪ್ರಶ್ನೆ ನನ್ನ ಕರುಳಿಗೇ ತಾಗಿತು.

"ಏನ್ ಹೇಳ್ಲಿ ಮಲ್ಲೇಶಪ್ಪನವರ, ಎಂಥಾ ದಿನಾ ಅವು. ಒಮ್ಮಿ ಜಕ್ಕಲಿ ದಾಟಿದ ಮ್ಯಾಲೆ ನಿಂತಬಿಡ್ತು. ಶೇಂಗಾ ಕೀಳಾಕತ್ತಿದ್ದ ಮಂದಿ ಹೊಲಾ ಬಿಟ್ಟ ಬಂದು ನೂಕಿದ್ರು. ಮಾನವ್ವ ಅಂತ ಒಬ್ಬಾಕಿ ಮುದುಕಿ, ಹಸಿ ಶೇಂಗಾ ಉಡಿತುಂಬ ತಂದು ನಮ್ಮ ಇಷ್ರತಗ ಹಾಕಿದ್ಲು. ಆ ರುಚಿ ಇನ್ನೂ ನಾಲಿಗಿ ಮ್ಯಾಲೈತಿ."

ಬಾಗಿಲ ಪರದೆಯ ಹಿಂದೆ ಗುಲ್ಷನ ಕೆಮ್ಮಿದಳು.

"ಇನ್ನೊಮ್ಮಿ ಲಕ್ಕಲಕಟ್ಟಿಯೊಳಗ ಗಾಡಿಯಿಂದ ಏನ್ ಹೊಗಿ ಅಂತೀರಿ. ಕರೆಪ್ಪ ಅನ್ನಾವ ಬಣವಿಗೆ ಬೆಂಕಿ ಬಿತ್ತಂತ ಕೊಡಾ ಹೊತಗೊಂಡ ಓಡಿ ಬಂದು ನನ್ನ ತಲಿ ಮ್ಯಾಲೆ ಸುರುವಿದ. ಅವತ್ತಿನಿಂದ ದೋಸ್ತಿ. ವರ್ಷಾ ವರ್ಷಾ ಎಳೀ ಜ್ವಾಳದ ಸೀತನಿ ತಿನ್ನಾಕ ಕರೀತಾನ."

ಗುಲ್ಷನ ಮತ್ತೆ ಕೆಮ್ಮಿದಳು, ಈ ಸಲ ಜೋರಾಗಿ. "ನೀರ ಕುಡಿ" ಎಂದು ಹೇಳಿ ನಾನು ಮುಂದುವರಿಸಿದೆ.

"ನರೇಗಲ್ ಸಂತಿಗೆ ಹೋದ್ರಂತೂ ತಿರುಗಿ ಬರೂವಾಗ ನೂಕೂದು ಕಾಯಮ್. ನೂಕೂದ್ರಾಗ ಏನ್ ಮಜಾ, ಏನ್ ನಗಿ..."

ಆಗ ಗಾಡಿಯೂ ಕೆಮ್ಮಿತು. ಮೈಯೆಲ್ಲ ನಡುಗಿಸಿ, ಕರಿ ಹೊಗೆ ಬಿಟ್ಟು, ಶಾಂತವಾಯಿತು.

ಮಲ್ಲೇಶಪ್ಪನವರ ಕೈ ಜೇಬಿನಿಂದ ಖಾಲಿ ಹೊರಗೆ ಬಂತು. "ಇಷ್ಟ ಅಂತಃಕರಣದಿಂದ ಸಾಕಿದ್ದನ್ನ ಬಿಡಿಸಿ ಒಯ್ದ್ರ ನನಗ ಪಾಪ ಬರ್ತೈತ್ರಿ" ಎಂದರು. ಚಹಾ ಚಲೋ ಇತ್ತು ಎಂದೂ ಹೇಳಿ ಹೋದರು.

ಗುಲ್ಷನ ಹೊರಗೆ ಬಂದಳು.

"ಬಾಯಿ ಬಿಡಬ್ಯಾಡ ಅಂತ ನನಗ ಹೇಳಿದ್ರಿ. ನಿಮಗ ಯಾರ್ ಹೇಳ್ಬೇಕಿತ್ತು?"

ಗಾಡಿಯನ್ನು ಪಕ್ಕದ ಬಯಲಿಗಾದರೂ ಸಾಗಿಸಬೇಕಿತ್ತು. ನಾನು ಚಾಲಕನ ಬಾಗಿಲಿಗೆ ಕೈ ಹಾಕಿದೆ. ಅವಳು ಅಡ್ಡ ನಿಂತಳು.

"ಆರು ವರ್ಷ ನೀವು ಕುಂತ್ರಿ, ನಾನು, ಇಷ್ರತ ನೂಕಿವಿ. ಇವತ್ತ ನಾ ಕುಂಡ್ರತೀನಿ."

ಯೋಚಿಸಿದೆ. ಹೌದು, ನನ್ನ ನೆನಪುಗಳಲ್ಲೆಲ್ಲ ಆ ನಗು ಹಿಂದಿನಿಂದಲೇ ಕೇಳಿಸುತ್ತಿತ್ತು. ಅದು ನಗುವೇ ಆಗಿತ್ತೋ ಇಲ್ಲವೋ, ತಿರುಗಿ ನೋಡಿದವನಲ್ಲ.

ಅವಳು ಚರ್ಮದ ಸೀಟಿನಲ್ಲಿ ಆಸೀನಳಾಗಿ, ಕನ್ನಡಿ ಸರಿಮಾಡಿ, ಸೆರಗು ಹೊದ್ದುಕೊಂಡಳು. ನಾನು ಹಿಂದೆ ಹೋಗಿ ಹೆಗಲು ಕೊಟ್ಟೆ. ಗಾಡಿ ಜಗ್ಗಲಿಲ್ಲ. ಕಿಟಕಿಯಿಂದ ಅವಳ ಧ್ವನಿ ಬಂತು:

"ಹಾಂ, ಈಗ ಹೇಳ್ರಿ ಆ ಜಕ್ಕಲಿ ಕತಿ."

ಹೇಳಲು ಉಸಿರಿರಲಿಲ್ಲ. ಕೆಮ್ಮಿದೆ.