ದೋಣಿಯ ಯಂತ್ರ ಮತ್ತು ಅದರ ಎತ್ತರ

ಸರಕಾರಿ ಕಚೇರಿಯಲ್ಲಿ ನಗೆಗೆ ಬರಗಾಲವಿಲ್ಲ; ಯಾರಾದರೊಬ್ಬರು ಅಧಿಕಾರ ವಹಿಸಿಕೊಂಡರೆ ಸಾಕು, ಅದು ತಾನಾಗಿ ನಡೆಯುತ್ತಿರುತ್ತದೆ. ಪದವಿ ಪಡೆದು ಬಳ್ಳಾರಿಯಲ್ಲಿ ಗುಮಾಸ್ತನಾಗಿ ಸೇರಿದ ವರ್ಷ ನಾನು ಕಂಡ ಪ್ರಸಂಗಗಳಿಗೆ ನಗಲು ನನ್ನಿಂದ ಮಾತ್ರ ಆಗಲಿಲ್ಲ. ಸಿರುಗುಪ್ಪದ ಹೊಳೆಯ ಆಚೆ ದಡದಲ್ಲಿ ನನ್ನ ಅಕ್ಕನ ಗಂಡನ ಮನೆ. ಅವಳ ಮೊದಲ ಹೆರಿಗೆಯ ಹೊತ್ತಿಗೆ ಹೊಳೆ ತುಂಬಿ ಹರಿಗೋಲು ನಿಂತಿತು, ಸೂಲಗಿತ್ತಿಗೆ ದಾಟಲಾಗಲಿಲ್ಲ, ಕೂಸು ಉಳಿಯಲಿಲ್ಲ. ಈಗ ಅವಳು ಮತ್ತೆ ತುಂಬಿದ ಗರ್ಭಿಣಿ. ವಿಲಾಯಿತಿಯಿಂದ ಬಂದ, ದೋಣಿಯ ಹಿಂಬದಿಗೆ ತೂಗುಹಾಕುವ ಎಣ್ಣೆಯ ಯಂತ್ರವೊಂದನ್ನು ಸಿರುಗುಪ್ಪದಲ್ಲಿ ಪರೀಕ್ಷಿಸಬೇಕು, ಸರಿಹೋದರೆ ಅಲ್ಲಿಯೇ ಉಳಿಸಬೇಕು ಎಂದು ಕಲೆಕ್ಟರ್ ದೊರೆಯ ಅಪ್ಪಣೆಯಾಗಿತ್ತು.

೧. ಬಳ್ಳಾರಿ

ಯಂತ್ರದ ಕೆಳತುದಿಯಲ್ಲಿ ನೀರನ್ನು ತಳ್ಳುವ ರೆಕ್ಕೆ. ಅದು ದೋಣಿಯ ತಳಕ್ಕಿಂತ ತುಸುವೇ ಕೆಳಗಿರಬೇಕು. ಮೇಲಾದರೆ ಗಾಳಿಯನ್ನು ಕಡೆಯುತ್ತದೆ, ಕೆಳಗಾದರೆ ಬಂಡೆಗೆ ಬಡಿಯುತ್ತದೆ. ಇಷ್ಟನ್ನು ಯಂತ್ರದ ಉಸ್ತುವಾರಿ ಹೊತ್ತ ನಮ್ಮ ಶಿರಸ್ತೇದಾರರಿಗೆ ಬಿಡಿಸಿ ಹೇಳಿದೆ. ಅವರು ಅಂಗಳದಲ್ಲಿ ಬಂಡಿಯ ಮೇಲಿದ್ದ ದೋಣಿಗೆ ಯಂತ್ರವನ್ನು ಮೊಳದಷ್ಟು ಎತ್ತಿ ಕಟ್ಟಿಸಿದರು.

"ರಾಯರ, ರೆಕ್ಕಿ ನೀರು ಮುಟ್ಟಂಗಿಲ್ಲರಿ," ಎಂದೆ.

"ನೀರು ಮುಟ್ಟಿದ್ರ ತುಕ್ಕು ಹಿಡೀತದ. ಸರಕಾರದ ಮಾಲು. ಜವಾಬ್ದಾರಿ ನೀ ಹೊರ್ತೀಯೇನಪಾ?"

೨. ಕುರುಗೋಡು

ದಾರಿಯಲ್ಲಿ ಕುರುಗೋಡಿನ ಕೆರೆಗೆ ಇಳಿಸಿ ನೋಡಿದೆವು. ರೆಕ್ಕೆ ಗಾಳಿಯಲ್ಲಿ ಅರಚಿತು, ದೋಣಿ ಅಲುಗಲಿಲ್ಲ. ತಪ್ಪನ್ನು ಒಪ್ಪಿಕೊಳ್ಳದೆ ತಿದ್ದುವುದರಲ್ಲಿ ಶಿರಸ್ತೇದಾರರು ನಿಪುಣರು. ಯಂತ್ರವನ್ನು ಪೂರ್ತಿ ಕೆಳಕ್ಕೆ ಇಳಿಸಿದರು. ರೆಕ್ಕೆ ಹೂಳಿನಲ್ಲಿ ಹೂತು ತಿರುಗಿ, ದಡದಲ್ಲಿ ನಿಂತಿದ್ದ ಅವರ ಧೋತರ, ರುಮಾಲು, ಹಣೆಯ ನಾಮ ಎಲ್ಲವನ್ನೂ ಕೆಸರಿನಿಂದ ಮುಚ್ಚಿತು.

ಊರ ಗೌಡರು ಕೈಮುಗಿದು ಮುಂದೆ ಬಂದರು. "ಕೆರಿ ಹೂಳು ತಗಸ್ರಿ ಅಂತ ನಮ್ಮಪ್ಪನ ಕಾಲದಿಂದ ಅರ್ಜಿ ಕೊಟ್ಕೋಂತ ಬಂದೀವ್ರಿ. ಕಡೀಕೂ ಯಂತ್ರ ಕಳಿಸಿದ್ರಿ! ಆದ್ರ ರಾಯರ, ಇಷ್ಟೂ ಹೂಳು ನೀವೊಬ್ಬರ ಮೈಮ್ಯಾಲೆ ಹೊತ್ಕೊಂಡು ಹೋಗಾಕ ಆಕ್ಕೈತೇನ್ರಿ?"

೩. ಸಿರುಗುಪ್ಪ

ಸಿರುಗುಪ್ಪದಲ್ಲಿ ಶಿರಸ್ತೇದಾರರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನೂ ಯಂತ್ರದ ಜೊತೆ ಬಂದಿದ್ದ ಮಿಸ್ತ್ರಿಯೂ ಎತ್ತರವನ್ನು ಸರಿಪಡಿಸಿದೆವು. ನಾವಿಬ್ಬರೇ ಇದ್ದ ದೋಣಿ ಹೊಳೆಯನ್ನು ಸೀಳಿಕೊಂಡು ಹೋಗಿ ಬಂತು.

ಮರುದಿನ ಪರೀಕ್ಷೆ ನೋಡಲು ದೊರೆ ಬಂದರು. ಹೊಳೆ ಏರುತ್ತಿತ್ತು. ಮರಳುವಾಗ ಹೆರಿಗೆಗೆ ಈಚೆ ದಡಕ್ಕೆ ಕರೆತರುವೆನೆಂದು ಅಕ್ಕನಿಗೆ ಹೇಳಿಕಳಿಸಿದ್ದೆ. ಅವಳು ಆಚೆ ದಡದಲ್ಲಿ ಕಾಯುತ್ತಿದ್ದಳು.

ದೊರೆ ಹಿಂಬದಿಯಲ್ಲಿ, ಯಂತ್ರದ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡರು. ಅವರ ಸಮಕ್ಕೆ ಯಾರೂ ನಿಲ್ಲುವಂತಿಲ್ಲ. ಅವರಿಗೆ ಬೆನ್ನು ತೋರಿಸುವಂತಿಲ್ಲ. ಹಾಗಾಗಿ ಇಡೀ ಕಚೇರಿ ದೋಣಿಯ ಮುಂತುದಿಗೆ ಒತ್ತಿಕೊಂಡು, ಅವರತ್ತ ಮುಖಮಾಡಿ, ಕೈಕಟ್ಟಿ ನಿಂತಿತು. ನಡುಹೊಳೆಯವರೆಗೆ ಹೇಗೋ ಹೋದೆವು. ಅಲ್ಲಿ ಸೆಳವಿನ ಹೊಡೆತಕ್ಕೆ ಮುಂತುದಿ ಇನ್ನಷ್ಟು ತಗ್ಗಿ, ಹಿಂಬದಿ ಎದ್ದು, ರೆಕ್ಕೆ ನೀರನ್ನು ಬಿಟ್ಟು ಗಾಳಿಯಲ್ಲಿ ತಿರುಗತೊಡಗಿತು. ಯಂತ್ರ ಹುರುಪಿನಿಂದ ಓಡುತ್ತಿದೆಯೆಂದು ದೊರೆ ತಲೆದೂಗಿದರು.

"ನಾಕು ಮಂದಿ ಹಿಂದಕ್ಕ ಹೋಗ್ರಿ!" ಎಂದು ಕೂಗಿದೆ.

"ಎಲ್ಲಿಗೆ? ದೊರೆಗಳ ತೊಡಿಮ್ಯಾಲೆ ಕೂಡೋಣೇನು?" ಎಂದರು ಶಿರಸ್ತೇದಾರರು.

ದೋಣಿ ಸೆಳವಿಗೆ ಸಿಕ್ಕು ಬಂಡೆಗಳತ್ತ ಹೊರಟಿತು. ಆಗ ನಮ್ಮ ಪಾಡು ಕಂಡು ಆಚೆ ದಡದಿಂದ ಹರಿಗೋಲೊಂದು ನಮ್ಮ ಮುಂದಕ್ಕೆ ಬಂತು. ಅಂಬಿಗ ಹುಟ್ಟು ಹಾಕುತ್ತಿದ್ದ; ಅಕ್ಕ ಒಂದು ಕೈಯಿಂದ ಹೊಟ್ಟೆ ಹಿಡಿದು ಇನ್ನೊಂದರಿಂದ ಹಗ್ಗ ಎಸೆದಳು. ಅದು ನಮ್ಮ ಮುಂತುದಿಯ ಮೇಲೆ ಬಿತ್ತು. ಹಿಡಿಯಬೇಕಾದರೆ ದೊರೆಗೆ ಬೆನ್ನು ತಿರುಗಿಸಬೇಕು. ಯಾರೂ ತಿರುಗಲಿಲ್ಲ. ಹಗ್ಗ ಜಾರಿ ನೀರಿಗೆ ಬಿತ್ತು.

ಅವಳು ಅದನ್ನು ಎಳೆದುಕೊಂಡು ಮತ್ತೆ ಎಸೆದಳು. ನಾನು ತಿರುಗಿ ಹಿಡಿದೆ.

"ದೊರೆಗಳಿಗೆ ಬೆನ್ನು ತೋರಸ್ತೀಯೇನಲೇ!" ಎಂದು ಶಿರಸ್ತೇದಾರರು ನನ್ನ ಅಂಗಿ ಜಗ್ಗಿದರು.

ಅಕ್ಕ ಹರಿಗೋಲಿನಲ್ಲಿ ಎದ್ದು ನಿಂತಳು.

"ಹಂಗಾರ ನೀವೆಲ್ಲ ದೊರೆಗಳಿಗೆ ಮಾರಿ ತೋರಿಸ್ಕೋಂತ ತೇಲಿ ಹೋಗ್ರಿ ರಾಯರ. ನನ್ನ ತಮ್ಮನ್ನಷ್ಟು ಇತ್ಲಾಗ ಇಳಿಸಿ ಹೋಗ್ರಿ!"