ಸೀತಾರಾಮಪ್ಪನವರ ಕರಿ ಕಾರಿಗೆ, ಎಕ್ಸ್‌ಚೇಂಜ್ ತಪ್ಪಿಸಿಕೊಂಡ ಬಗ್ಗೆ

ಮಾನ್ಯ ಕಾರು ಸಾಹೇಬರೇ,

ಹೊಸನಗರದ ರೈಸ್ ಮಿಲ್ಲಿನ ಶೆಡ್ಡಿನಲ್ಲಿ ಕವರ್ ಹೊದ್ದು ಸುಖವಾಗಿ ಮಲಗಿರುವ ತಮ್ಮ ದಿವ್ಯ ಸನ್ನಿಧಿಗೆ, ತಮ್ಮ ಡ್ರೈವರೂ, ತೊಳೆಯುವವನೂ, ತಾವು ನಿಂತಲ್ಲಿ ಹಿಂದಿನಿಂದ ತಳ್ಳುವವನೂ ಆದ ಪೂರ್ಣೇಶ ಮಾಡುವ ನಮಸ್ಕಾರಗಳು. ತಮ್ಮ ಆರೋಗ್ಯ ವಿಚಾರಿಸಬೇಕಾಗಿಲ್ಲ. ಮೀಟರಿನಲ್ಲಿ ಹತ್ತಿಕೊಂಡಿರುವ ಕೆಂಪು, ಹಳದಿ ದೀಪಗಳೇ ಎಲ್ಲ ಹೇಳುತ್ತವೆ. ದೀಪಾವಳಿಗೆ ನಮ್ಮ ಮನೆಯಲ್ಲೂ ಅಷ್ಟು ಹಚ್ಚುವುದಿಲ್ಲ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬೀದಿ ತಿರುಗುತ್ತಿದ್ದವನನ್ನು ಮಿಲ್ಲಿಗೆ ಕರೆದು, ಮೊದಲು ಬಕೆಟ್ಟು, ಲೈಸೆನ್ಸ್ ಆದ ಮೇಲೆ ಸ್ಟೀರಿಂಗು ಕೊಟ್ಟವರು ಮಾಲೀಕರಾದ ಸೀತಾರಾಮಪ್ಪನವರು. ಆ ಋಣ ಇಲ್ಲದಿದ್ದರೆ ಈ ಪತ್ರ ಇಷ್ಟು ಮರ್ಯಾದೆಯಲ್ಲಿ ಇರುತ್ತಿರಲಿಲ್ಲ ಎಂದು ತಿಳಿಯತಕ್ಕದ್ದು.

ಮೊದಲು ತಮ್ಮ ಭಕ್ತಿಯನ್ನು ಹೊಗಳಬೇಕು. ವರದಮೂಲದಲ್ಲಿ ದೇವಸ್ಥಾನದ ಎದುರು ನಿಲ್ಲಿಸಿದ್ದೇ ತಡ, ಸಸ್ಪೆನ್ಶನ್ನಿನ ಗಾಳಿ ಬಿಟ್ಟು, ಹೊಟ್ಟೆ ನೆಲಕ್ಕೆ ಹಚ್ಚಿ ತಾವು ಹಾಕಿದ ಸಾಷ್ಟಾಂಗವನ್ನು ಯಾವ ಮನುಷ್ಯನೂ ಹಾಕಲಾರ. ಬಂದವರೆಲ್ಲ ಪ್ರದಕ್ಷಿಣೆ ಮುಗಿಸಿ, ಪ್ರಸಾದ ತಿಂದು, ಮನೆಗೆ ಹೋದರೂ ತಾವು ಏಳಲಿಲ್ಲ.

ಆಮೇಲೆ ಮಾಲೀಕರ ಮಗಳು ತನುಜಕ್ಕನ ಮದುವೆ. ತೀರ್ಥಹಳ್ಳಿಯ ಛತ್ರದ ಎದುರು ಓಲಗ ಶುರುವಾದ ಕೂಡಲೇ ನಾಲ್ಕೂ ಬಾಗಿಲು ಲಾಕ್ ಮಾಡಿಕೊಂಡು, ರೇಷ್ಮೆ ಸೀರೆಯ ಮದುಮಗಳು ಸೀಟು ಹತ್ತಿ ದಾಟಿ ಡಿಕ್ಕಿಯಿಂದ ಇಳಿಯುವಂತೆ ಮಾಡಿದ ತಮ್ಮ ಜಾಣತನಕ್ಕೆ ಯಾವ ಸರ್ಟಿಫಿಕೇಟೂ ಸಾಲದು. ಗಂಡಿನ ತಾಯಿ ನೋಡಿ, “ಇದೆಂತ, ನಿಮ್ಮ ಕಡೆ ಹೆಣ್ಣನ್ನ ಹಿಂದಿನ ಬಾಗ್ಲಿಂದ ಇಳ್ಸೋ ಶಾಸ್ತ್ರ ಉಂಟಾ?” ಎಂದರು. ಮಾಲೀಕರು ಕಣ್ಣು ಮಿಟುಕಿಸದೆ, “ಹೂಂ, ಹಳೇ ಶಾಸ್ತ್ರ” ಎಂದುಬಿಟ್ಟರು. ನಾನು ಎರಡೂ ಕೈಯಲ್ಲಿ ಡಿಕ್ಕಿಯ ಬಾಗಿಲು ಎತ್ತಿ ಹಿಡಿದಿದ್ದೆ. ಬಿಟ್ಟಿದ್ದರೆ ತನುಜಕ್ಕನ ಜಡೆಯ ಮೇಲೆ ಬೀಳುತ್ತಿತ್ತು.

ತಮ್ಮ ಇನ್ನೊಬ್ಬ ಅಭಿಮಾನಿ ನಿಟ್ಟೂರಿನ ಜಟ್ಟಪ್ಪಣ್ಣ, ಕೊಡಚಾದ್ರಿ ಬೆಟ್ಟಕ್ಕೆ ಪ್ರವಾಸಿಗರ ಜೀಪ್ ಬಿಡುವವನು. ನಿಟ್ಟೂರಿನ ದಾರಿಯಲ್ಲಿ ತಾವು ಮಲಗಿದಾಗಲೆಲ್ಲ ಹಗ್ಗ ತರುವವನು ಅವನೇ. ಅವನ ಜೀಪಿಗೆ ಬಾಗಿಲೇ ಇಲ್ಲ, ಹಾಗಾಗಿ ಲಾಕ್ ಆಗುವ ರೋಗವೂ ಇಲ್ಲ. ಹೋದ ಸಲ ಹಗ್ಗ ಕಟ್ಟುತ್ತಾ ಹೇಳಿದ: “ಏ ಪೂರ್ಣೇಶ, ಸಾಹೇಬ್ರು ಮತ್ತೆ ಮಲಗಿದ್ರಾ? ಈ ಮುದಿ ಕೋಣನ್ನ ಎಷ್ಟು ದಿನ ಅಂತ ಮೇಯಿಸ್ತೀಯ? ನಾನು ಎರಡನೇ ಜೀಪ್ ತಗಂಡಿದೀನಿ. ಸೀಜನ್ ಶುರುವಾಗೋದ್ರೊಳಗೆ ಬಂದ್ರೆ ಅದನ್ನ ಓಡ್ಸೋ ಕೆಲ್ಸ ನಿಂಗೆ. ಇಲ್ಲಾಂದ್ರೆ ಬೇರೆಯವ್ರು ಕಾಯ್ತಾ ಇದಾರೆ.”

ಸಾಹೇಬರೇ, ನನಗೆ ಆ ಕೆಲಸ ಬೇಕು. ಕೊಡಚಾದ್ರಿಯ ಏರಿನಲ್ಲಿ ಗೇರು ನಾನೇ ಹಾಕಬೇಕು, ಕಲ್ಲು ಎಲ್ಲಿದೆ, ಕೊರಕಲು ಎಲ್ಲಿದೆ ನಾನೇ ನೋಡಬೇಕು. ಪೀಂ ಪೀಂ ಎಂದು ಬುದ್ಧಿ ಹೇಳುವ ಸ್ಕ್ರೀನು ಅಲ್ಲಿಲ್ಲ. ಕೇಳಿದ್ದಕ್ಕೆ ಮಾಲೀಕರು, “ಇದ್ರ ಹಣೆಬರಹ ನಿಂಗೊಬ್ಬಂಗೇ ಗೊತ್ತಿರೋದು ಮಾರಾಯ. ಇದನ್ನ ಎಕ್ಸ್‌ಚೇಂಜಿಗೆ ಕೊಟ್ಟ ದಿನ ಹೋಗು, ಬ್ಯಾಡ ಅನ್ನಲ್ಲ” ಎಂದರು. ನಾನೂ ಹೂಂ ಎಂದೆ.

ಮೊನ್ನೆ ಎಕ್ಸ್‌ಚೇಂಜಿಗೆ ತಮ್ಮನ್ನು ನೋಡಲು ಶಿವಮೊಗ್ಗದ ಶೋರೂಮಿನಿಂದ ಟೈ ಕಟ್ಟಿದ ಹುಡುಗ ಬಂದ. ಆಗ ತಾವು ಏನು ಮಾಡಿದಿರಿ? ಒಂದೇ ಒತ್ತಿಗೆ ಸ್ಟಾರ್ಟ್ ಆದಿರಿ. ದೀಪವೆಲ್ಲ ಆರಿಸಿಕೊಂಡಿರಿ. ಬಾಗಿಲುಗಳು ಬೆಣ್ಣೆಯಂತೆ ತೆರೆದವು. ನೆಲ ಕಚ್ಚಿದ್ದ ಹೊಟ್ಟೆ ತಾನಾಗಿ ಮೇಲೆದ್ದಿತು. ಹೆಣ್ಣು ನೋಡಲು ಬಂದವರೆದುರು ಕಾಫಿ ತಟ್ಟೆ ಹಿಡಿದು ಬರುವವರ ಹಾಗೆ, ಸದ್ದಿಲ್ಲದೆ ಪೇಟೆ ಸುತ್ತಿ ಬಂದಿರಿ. ಹುಡುಗ ಮರುಳಾಗಿ, “ಸರ್, ಈ ವಯಸ್ಸಿಗೆ ಇಂಥ ಕಂಡೀಶನ್ ನಾನು ನೋಡೇ ಇಲ್ಲ. ಈಗ್ಲೇ ಸೈನ್ ಹಾಕಿ, ತಗೊಂಡೇ ಹೋಗ್ತೀನಿ” ಎಂದ.

ಮಾಲೀಕರು ನನ್ನನ್ನು ಭತ್ತದ ಚೀಲಗಳ ಹಿಂದೆ ಎಳೆದುಕೊಂಡು ಹೋದರು. “ಏ, ಇವ ಇಷ್ಟು ಅರ್ಜೆಂಟ್ ಮಾಡ್ತಾನೆ ಅಂದ್ರೆ ಗಾಡಿ ಭಾರಿ ಒಳ್ಳೇದೇ ಇರ್ಬೇಕು. ನಾವ್ಯಾಕೆ ಕೊಡ್ಬೇಕು? ಇಟ್ಕಳಣ. ಇನ್ನು ಹತ್ತು ವರ್ಷ ನಾನು, ನೀನು, ಇದು.”

ಹುಡುಗ ಚಾ ಕುಡಿದು ಹೋದ. ಅವನ ಬೈಕು ಗೇಟು ದಾಟಿದ್ದೇ ತಾವು ಉಸ್ಸೆಂದು ಕುಳಿತಿರಿ. “ಪಾಪ, ಸುಸ್ತಾಗಿರ್ಬೇಕು ಬಿಡು” ಎಂದರು ಮಾಲೀಕರು.

ಇಷ್ಟು ವರ್ಷ ತಾವು ಕೆಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಜೀವಮಾನದಲ್ಲಿ ಒಂದೇ ಒಂದು ದಿನ ಸರಿ ಇದ್ದಿರಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿದೆ. ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ಶೋರೂಮಿನವನಿಗೆ ತೋರಿಸಿದ ಆ ವಿನಯವನ್ನು ಸಾಗರದ ರಸ್ತೆಯಲ್ಲಿ ಮಾಲೀಕರಿಗೂ ತೋರಿಸಬೇಕು, ಬಾಗಿಲು ಲಾಕ್ ಮಾಡಿಕೊಳ್ಳುವ ಮೊದಲು ಅವರ ವಯಸ್ಸನ್ನಾದರೂ ನೋಡಬೇಕು, ಕೆಡಲೇಬೇಕಾದರೆ ಸಂಬಂಧಪಟ್ಟವರಿಗೆ ಒಂದು ದಿನ ಮೊದಲು ಅರ್ಜಿ ಕೊಡಬೇಕು.

ತಮ್ಮನ್ನು ಇಟ್ಟುಕೊಳ್ಳುವುದೋ ಕೊಡುವುದೋ ಮಾಲೀಕರಿಗೆ ಬಿಟ್ಟದ್ದು. ಆದರೆ ಇಟ್ಟುಕೊಳ್ಳುವ ಸಾಮಾನಿನ ಜೊತೆ ನನ್ನನ್ನೂ ಸೇರಿಸಿದ್ದಾರೆ. ಅದು ನನಗೆ ಬಿಟ್ಟದ್ದು. ಎಕ್ಸ್‌ಚೇಂಜ್ ಆದ ದಿನ ಹೋಗು ಎಂದಿದ್ದರು. ಸರಿ, ಅದು ಆಯಿತು ಎಂದೇ ತಿಳಿದುಕೊಳ್ಳಲಿ, ಗಾಡಿಯ ಬದಲು ಡ್ರೈವರ್ ಹೋಗುತ್ತಿದ್ದಾನೆ. ಕೀ ಅವರ ಮನೆಯ ಮೊಳೆಗೆ ಹಾಕಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಿಟ್ಟೂರು.

ಇವತ್ತಿನ ಮಟ್ಟಿಗೆ ಮಾತ್ರ,
ತಮ್ಮ ವಿಶ್ವಾಸಿ,
ಪೂರ್ಣೇಶ

ವಿ.ಸೂ.: ಮಾಲೀಕರೂ ಮಿಲ್ಲಿನವರೂ ಎಲ್ಲರೂ ಓದಲೆಂದು ಈ ಪತ್ರವನ್ನು ಕವರ್ ಸರಿಸಿ ತಮ್ಮ ಮುಂದಿನ ಗ್ಲಾಸಿನ ಮೇಲೆ, ವೈಪರಿನ ಅಡಿ ಸಿಕ್ಕಿಸಿದ್ದೇನೆ. ಮಳೆ ಬಂದು ಶೆಡ್ಡು ಸೋರಿದರೆ ವೈಪರ್ ತಾನಾಗಿ ಓಡಿ ಕಾಗದ ಹರಿಯುತ್ತದೆ ಎಂಬ ಹೆದರಿಕೆ ನನಗಿಲ್ಲ. ತಮ್ಮ ಮೇಲೆ ನನಗೆ ಅಷ್ಟು ವಿಶ್ವಾಸ ಇದೆ.