ಕಂಪನಿ ಡ್ರೈವರೋ, ಓಪನ್ ಡ್ರೈವರೋ?

ಒಬ್ಬಳೇ ಇರೋದು, ಅದರ ಮೇಲೆ ಲಿನಕ್ಸ್ ಬಳಸೋದು, ಎರಡೂ ಸೇರಿದರೆ ಇಂಥವು ನಡೀತಾನೇ ಇರುತ್ತವೆ. ಆಗ ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ (ಆ ದೇಶ ಅಲ್ಲ) ಮಹಡಿ ಮೇಲಿನ ಒಂದು ರೂಮು. ಕೆಳಗಿದ್ದ ಓನರ್ ಆಂಟಿ ತಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರು. ಆದರೆ ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದ ದಿನದಿಂದ ವೈಫೈ ಇಲ್ಲ. ಅದರಲ್ಲಿ ಇಂಟರ್ನೆಟ್ ಕೇಬಲ್ ಚುಚ್ಚೋ ಜಾಗ ನನಗೆ ಮಾರಿದವರ ಕಾಲದಲ್ಲೇ ಮುರಿದಿತ್ತು.

೧

ವೈಫೈ ಕಾರ್ಡು ಕೆಲಸ ಮಾಡೋಕೆ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬೇಕು. ಡ್ರೈವರ್ ಇಳಿಸಿಕೊಳ್ಳೋಕೆ ಇಂಟರ್ನೆಟ್ ಬೇಕು. ಇಂಟರ್ನೆಟ್ಟಿಗೆ ವೈಫೈ ಬೇಕು! ಕಾಲೇಜಿಗೆ ದಸರಾ ರಜೆ. ಪೆನ್‌ಡ್ರೈವ್ ಹಿಡ್ಕೊಂಡು ವಿದ್ಯಾರಣ್ಯಪುರದ ಬ್ರೌಸಿಂಗ್ ಸೆಂಟರಿಗೆ ಹೋದೆ. ಮೊದಲ ದಿನ ತಂದಿದ್ದು ಬೇರೆ ಕಾರ್ಡಿನದು. ಎರಡನೇ ದಿನ ತಂದಿದ್ದರಲ್ಲಿ ಒಂದು ಫೈಲ್ ಕಮ್ಮಿ. ಮೂರನೇ ದಿನ ಸೆಂಟರಿನವರು ಕೇಳಿಯೇ ಬಿಟ್ಟರು.

“ಇಷ್ಟೆಲ್ಲಾ ಓಡಾಟ ಯಾಕೆ ಮೇಡಂ?”

“ಮನೇಲಿ ಇಂಟರ್ನೆಟ್ ನೋಡೋಕೆ.”

“ಇಲ್ಲೇ ಇದೆಯಲ್ಲ ಮೇಡಂ, ನೋಡ್ಕೊಂಡ್ ಹೋಗಿ.”

ಹೌದಲ್ಲ ಅನ್ನಿಸಿ ಮೇಲ್ ತೆಗೆದೆ. ಬಂದಿದ್ದು ಒಂದೇ. ಬ್ಯಾಂಕಿನವರು ಹುಟ್ಟುಹಬ್ಬಕ್ಕೆ ಹಾರೈಸಿದ್ದರು. ಆವತ್ತು ನನ್ನ ಹುಟ್ಟುಹಬ್ಬ ಅಂತ ನನಗೂ ಗೊತ್ತಾಗಿದ್ದು ಆಗಲೇ.

೨

ಕೊನೆಗೆ ಒಂದಲ್ಲ, ಎರಡು ಡ್ರೈವರ್ ಸಿಕ್ಕವು. ಯಾವುದು ಹಾಕಿದರೂ ವೈಫೈ ಬರ್ತಿತ್ತು. ಒಂದು ಕಾರ್ಡ್ ಮಾಡಿದ ಕಂಪನಿಯದು: ಫಾಸ್ಟು, ಆದರೆ ಒಳಗೇನಿದೆ ಅಂತ ಯಾರಿಗೂ ತೋರಿಸಲ್ಲ. ಇನ್ನೊಂದು ಆಸಕ್ತರು ಸೇರಿ ಬರೆದ ಓಪನ್ ಡ್ರೈವರ್: ನಿಧಾನ, ಆಗಾಗ ಕೈಕೊಡುತ್ತೆ, ಆದರೆ ಮುಚ್ಚುಮರೆ ಇಲ್ಲ. ಯಾವುದನ್ನ ಉಳಿಸ್ಕೊಳ್ಳಲಿ ಅಂತ ಲಿನಕ್ಸ್ ಬಳಸುವವರ ಫೋರಂನಲ್ಲಿ ಕೇಳಿದೆ.

ದಿನಾ ಮನೆಗೆ ಬಂದವಳು ಚಪ್ಪಲಿ ಬಿಡೋಕೂ ಮುಂಚೆ ನೋಡ್ತಿದ್ದೆ. ಎಂಟನೇ ದಿನ ಒಂದು ಉತ್ತರ! “ನನಗೂ ಇದೇ ತೊಂದರೆ. ಪರಿಹಾರ ಸಿಕ್ಕರೆ ದಯವಿಟ್ಟು ತಿಳಿಸಿ.”

ನಾಲ್ಕು ಸಲ ಓದಿದೆ. ಆ ವಾರ ಕಾಲೇಜಿನ ಹೊರಗೆ ನನ್ನನ್ನ ಮಾತಾಡಿಸಿದವರು ಇಬ್ಬರೇ: ಈ ಮನುಷ್ಯ, ಮತ್ತೆ “ಮುಂದಕ್ಕೆ ಹೋಗ್ರೀ” ಅಂದ ಬಸ್ ಕಂಡಕ್ಟರ್.

೩

ಫೋರಂನಲ್ಲಿ ಉತ್ತರ ಕೊಟ್ಟವರು ಇಲ್ಲೇ ಯಲಹಂಕದ ಆಚೆ ಹುಣಸಮಾರನಹಳ್ಳಿಯವರಂತೆ. ನಂಬರ್ ಕೊಟ್ಟರು. ಒಂದು ಭಾನುವಾರ ಬೆಳಗ್ಗೆ ಟೆರೇಸ್ ಮೇಲೆ ನಿಂತು ಅವರ ಜೊತೆ ಮಾತಾಡ್ತಿದ್ದೆ. ಪಕ್ಕದಲ್ಲಿ ಓನರ್ ಆಂಟಿ ಮೆಣಸಿನಕಾಯಿ ಒಣಗಿಸೋಕೆ ಹರಡ್ತಿದ್ದರು.

“ಕಂಪನಿದು ಚೆನ್ನಾಗೇ ಇದೆ, ಒಳಗೇನಿದೆ ಅಂತ್ಲೇ ಬಿಟ್ಕೊಡಲ್ಲ,” ಅಂದೆ. “ಇನ್ನೊಂದು ನಿಧಾನ, ಆದ್ರೆ ಮುಚ್ಚುಮರೆ ಇಲ್ಲ. ಇಲ್ಲ, ಎರಡನ್ನೂ ಒಟ್ಟಿಗೆ ಇಟ್ಕೊಂಡು ನೋಡ್ದೆ. ಒಂದಕ್ಕೊಂದು ಆಗಲ್ಲ, ಎರಡೂ ಕೈಕೊಟ್ವು.”

ಫೋನ್ ಇಡೋದೇ ತಡ, ಆಂಟಿ ಪಕ್ಕಕ್ಕೆ ಬಂದು ನನ್ನ ಕೈ ಹಿಡ್ಕೊಂಡರು. ಕಣ್ಣು ಒದ್ದೆಯಾಗಿತ್ತು.

“ಇಂಗೆಲ್ಲಾ ಎರಡೆರಡು ಸಂಬಂಧ ಒಟ್ಟಿಗೆ ಇಟ್ಕೋಬಾರ್ದು ಕಣಮ್ಮ. ಕಂಪನಿ ಕೆಲಸ ಅಂತ ಮರುಳಾಗ್ಬೇಡ. ನಿಧಾನಸ್ತನಾದ್ರೂ ಮನಸ್ಸು ಬಿಚ್ಚಿ ಮಾತಾಡೋನ್ನ ಮಾಡ್ಕೋ.”

ನನ್ನ ಮದುವೆ ಬಗ್ಗೆ ಯಾರಾದರೂ ಚಿಂತೆ ಮಾಡಿ ವರ್ಷಗಳೇ ಆಗಿದ್ದವು. ನಗು ಬಂತು. ಲ್ಯಾಪ್‌ಟಾಪ್ ತಂದು ತೋರಿಸಿ, ಇದು ಗಂಡಿನ ವಿಚಾರ ಅಲ್ಲ ಆಂಟಿ, ಡ್ರೈವರ್ ವಿಚಾರ ಅಂತ ಬಿಡಿಸಿ ಹೇಳಿದೆ. ಅವರ ಮುಂದೆಯೇ ಕಂಪನಿಯದನ್ನ ತೆಗೆದುಹಾಕಿ ಓಪನ್ ಡ್ರೈವರನ್ನೇ ಉಳಿಸಿಕೊಂಡೆ. ವೈಫೈ ಮತ್ತೆ ಬಂತು.

ಆಂಟಿ ವೈಫೈ ಕಡೆ ತಿರುಗಿಯೂ ನೋಡಲಿಲ್ಲ.

“ಅದಿರ್ಲಿ, ಫೋನಲ್ಲಿ ಒಂದ್ ಗಂಟೆ ಮಾತಾಡಿದ್ರಲ್ಲ, ಅವ್ರಿಗೆ ಮದ್ವೆ ಆಗಿದ್ಯಾ?”

ಆ ಮನುಷ್ಯನ ವೈಫೈ ಕಾರ್ಡಿನ ಮಾಡೆಲ್ ನಂಬರ್ ನನಗೆ ಬಾಯಿಪಾಠ ಆಗಿತ್ತು. ಹೆಸರು ಕೇಳೋದೇ ಮರೆತಿದ್ದೆ.